ಮಾಲೀಕನಿಲ್ಲದ ಬೋರ್ಡು

ಅಮೆರಿಕದ ಸ್ಯಾಂಡ್‌ವಿಚ್ ಕಂಪನಿ ಸಬ್‌ವೇಯ ಹೆಸರು ಬಳಸಬೇಕಾದರೆ ವ್ಯಾಪಾರವಾದ ಪ್ರತಿ ನೂರರಲ್ಲಿ ಎಂಟು ಕಪ್ಪ ಕಟ್ಟಬೇಕು. ದಾವಣಗೆರೆ ಬೆಣ್ಣೆ ದೋಸೆಯ ಬೋರ್ಡನ್ನು ಯಾರು ಬೇಕಾದರೂ ಬರೆಸಿ ತೂಗುಹಾಕಬಹುದು. ಒಂದಕ್ಕೆ ಅರವತ್ತು ತುಂಬಿದೆ, ಇನ್ನೊಂದಕ್ಕೆ 2028ರಲ್ಲಿ ನೂರು. ಒಂದು ಭಾನುವಾರ ಕತ್ತಲಗೆರೆಯಿಂದ ದೋಸೆ ತಿನ್ನಲು ಹೊರಟವರ ತಲೆಯಲ್ಲಿ ಎರಡೂ ಕೂಡಿಕೊಂಡ ಕಥೆ.

ಡಿಸೆಂಬರಿನ ಭಾನುವಾರ, ಬೆಳಗಿನ ಏಳು. ಈ ದಿನಗಳಲ್ಲಿ ಕತ್ತಲಗೆರೆಯ ರಸ್ತೆ ಅರ್ಧ ಭತ್ತಕ್ಕೆ, ಇನ್ನರ್ಧ ಬಸ್ಸಿಗೆ. ಭದ್ರಾ ನಾಲೆಯ ನೀರು ಕುಡಿದು ಬೆಳೆದ ಮುಂಗಾರಿನ ಬೆಳೆ ಕಟಾವಾಗಿ ಟಾರಿನ ಮೇಲೆ ಒಣಗುತ್ತಿರುತ್ತದೆ. ಕಾಲಲ್ಲಿ ಸಾಲು ಎಳೆಯುತ್ತ ಭತ್ತ ತಿರುವುವ ಹೆಂಗಸರು, ಕಲ್ಲಿಟ್ಟು ಗಡಿ ಮಾಡಿದ ಹುಡುಗರು, ಹಾರ್ನ್ ಹೊಡೆದೂ ಹೊಡೆದೂ ಸೋತ ಡ್ರೈವರು.

ಭತ್ತ ತೂಗಿಸಿ ದುಡ್ಡು ಎಣಿಸಿದ ಮೇಲೆ ದಾವಣಗೆರೆಗೆ ಹೋಗಿ ದೋಸೆ ತಿನ್ನುವುದು ನಮ್ಮ ಮನೆಯ ಹಳೇ ಪದ್ಧತಿ. 1997ರವರೆಗೆ ಚನ್ನಗಿರಿ ಸೀಮೆಯ ನಾವು ಶಿವಮೊಗ್ಗ ಜಿಲ್ಲೆಯವರು. ಇದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು, ನಾವೂ ಅತ್ತ ಸೇರಿದೆವು. ದೋಸೆಯ ಮಟ್ಟಿಗೆ ಮಾತ್ರ ನಾವು ಮೊದಲಿನಿಂದಲೂ ದಾವಣಗೆರೆಯವರೇ.

ಈ ಸಲ ಜೊತೆಗೆ ಅಕ್ಕನ ಮಗಳಿದ್ದಳು. ಹುಟ್ಟಿ ಬೆಳೆದದ್ದು ಬೆಂಗಳೂರು, ಕೆಲಸವೂ ಅಲ್ಲೇ. ತ್ಯಾವಣಿಗೆ ದಾಟುವ ಹೊತ್ತಿಗೆ ಹಸಿವಾಗಿ ಕೇಳಿದಳು: “ಮಾವ, ದಾವಣಗೆರೇಲಿ ಸಬ್‌ವೇ ಇದ್ಯಾ?”

“ಅದೇನೋ ಗೊತ್ತಿಲ್ಲವ್ವ. ಬೆಣ್ಣೆ ದೋಸೆ ಐತಿ.”

“ಅದು ನಮ್ ಆಫೀಸ್ ಎದುರಿಗೂ ಇದೆ ಮಾವ. ಮನೆ ಹತ್ರ ಎರಡಿದೆ. ಅದೂ ಚೈನ್ ತಾನೇ? ಹೆಡ್ಡಾಫೀಸ್ ಎಲ್ಲಿ?”

ನಾನು ನಕ್ಕೆ. ಆದರೆ ಪ್ರಶ್ನೆ ಮಾತ್ರ ಬಸ್ಸಿಳಿದರೂ ನನ್ನನ್ನು ಬಿಡಲಿಲ್ಲ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ, ಹೆದ್ದಾರಿಯ ಬದಿಯಲ್ಲಿ, ಜಾತ್ರೆಯ ತಗಡಿನ ಶೆಡ್ಡಿನಲ್ಲಿ, ಮದುವೆ ಮನೆಯ ಕೌಂಟರಿನಲ್ಲಿ ಅದೇ ಹೆಸರು. ಅಷ್ಟು ಬೋರ್ಡುಗಳಿಗೆ ಹೆಡ್ಡಾಫೀಸು ಎಲ್ಲಿ?

ಹಂಚಿನ ಮುಂದೆ

ನಾವು ಹೋದ ಹೋಟೆಲು ದೊಡ್ಡದೇನಲ್ಲ. ಗೋಡೆಗೆ ಹೊಗೆಯ ಬಣ್ಣ, ಮೇಜಿಗೆ ಒರೆಸಿದ ನೀರಿನ ಪಸೆ. ಒಳಗೆ ಕಟ್ಟಿಗೆ ಒಲೆ, ಅದರ ಮೇಲೆ ನಾಲ್ಕು ಜನ ಸುತ್ತ ಕೂರಬಹುದಾದಷ್ಟು ಅಗಲದ ಕಬ್ಬಿಣದ ಹಂಚು. ದೋಸೆ ಹಾಕುವವನು ನೀರು ಚಿಮುಕಿಸಿ, ಮೋಟು ಪೊರಕೆಯಿಂದ ಹಂಚು ಗುಡಿಸಿ, ಹಿಟ್ಟು ಸುರಿದು ಸೌಟಿನ ಬೆನ್ನಲ್ಲಿ ಸುತ್ತಿದ. ಒಂದರ ಪಕ್ಕ ಒಂದು, ಅಂಗೈಗಿಂತ ತುಸು ದೊಡ್ಡವು, ಹಂಚು ತುಂಬ. ಆಮೇಲೆ ಬಿಳಿ ಬೆಣ್ಣೆ. ಅದನ್ನು ಹಾಕುವಾಗ ಅವನ ಕೈ ಲೆಕ್ಕ ಹಿಡಿದಂತೆ ಕಾಣಲಿಲ್ಲ.

“ಎರಡ್ ಖಾಲಿ, ಒಂದ್ ಓಪನ್, ಬೆಣ್ಣಿ ಮುಂದ್!” ಮಾಣಿಯ ಕೂಗು ಅಡುಗೆ ಮನೆಗೆ ಮುಟ್ಟುವ ಮೊದಲೇ ಪಕ್ಕದ ಮೇಜಿನ ಹಿರಿಯರೊಬ್ಬರು ಗೊಣಗಿದರು: “ನಮ್ಮದು ಮೊದಲಪ್ಪಾ, ಬಂದು ಅರ್ಧ ತಾಸಾತು.”

ತಟ್ಟೆ ಬಂತು. ದೋಸೆಯ ನೆತ್ತಿಯ ಮೇಲೆ ಇನ್ನೂ ಕರಗದ ಒಂದು ಉಂಡೆ ಬೆಣ್ಣೆ. ಬದಿಯಲ್ಲಿ ಅರಿಶಿನವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ, ನೀರಾದ ಕಾಯಿ ಚಟ್ನಿ. ಸಾಂಬಾರಿಲ್ಲ. ಹುಡುಗಿ ಸಾಂಬಾರು ಕೇಳಿದಳು. ಮಾಣಿ ಅವಳನ್ನೊಮ್ಮೆ ನೋಡಿ, ಉತ್ತರ ಕೊಡದೆ, ಇನ್ನೊಂದು ಸೌಟು ಚಟ್ನಿ ಬಡಿಸಿ ಹೋದ.

> ಖಾಲಿ ಎಂದರೆ ಖಾಲಿಯಲ್ಲ
> ದಾವಣಗೆರೆಯ ದೋಸೆಯಲ್ಲಿ ಮೂರು ಬಗೆ. ‘ಬೆಣ್ಣೆ ಖಾಲಿ’ಯಲ್ಲಿ ದೋಸೆಯೊಳಗೆ ಪಲ್ಯ ತುಂಬುವುದಿಲ್ಲ, ಬದಿಗೆ ಬರುತ್ತದೆ. ‘ಓಪನ್’ ಎಂದರೆ ಮಡಚದೆ, ಮೇಲೆ ಚಟ್ನಿಪುಡಿ ಉದುರಿಸಿ ಪಲ್ಯವಿಟ್ಟು ತೆರೆದೇ ಕೊಡುವುದು. ‘ಮಸಾಲೆ’ ಎಲ್ಲರಿಗೂ ಗೊತ್ತಿದ್ದದ್ದೇ. ಹಳೇ ಗಿರಾಕಿಗಳ ಮತ ಖಾಲಿಗೇ. ಪಲ್ಯ ತುಂಬಿದರೆ ದೋಸೆಯ ಗರಿ ಸಾಯುತ್ತದೆ ಎಂಬುದು ಅವರ ವಾದ, ನನ್ನದೂ ಅದೇ.

ನಾಟಕ ಬಿಟ್ಟ ಹೊತ್ತು

ಹೆಡ್ಡಾಫೀಸು ಸಿಗದಿದ್ದರೂ ಮೂಲಪುರುಷರ ಬದಲು ಮೂಲಸ್ತ್ರೀ ಒಬ್ಬರು ಸಿಗುತ್ತಾರೆ. ದಾವಣಗೆರೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ ಹೀಗಿದೆ: 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಚೆನ್ನಮ್ಮ ಎಂಬಾಕೆ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು. ನಾಟಕದ ಥಿಯೇಟರಿನ ಹೊರಗೆ ಒಲೆ ಹೂಡಿದರು. ಮೊದಲು ಹಾಕಿದ್ದು ರಾಗಿ ದೋಸೆ. ಹತ್ತು ವರ್ಷ ಕಳೆದ ಮೇಲೆ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿಗೆ ಬದಲಾಯಿಸಿದರು, ಬೆಣ್ಣೆ ಸೇರಿತು. 1944ರಲ್ಲಿ ಮಗ ಶಾಂತಪ್ಪ ವಸಂತ ಟಾಕೀಸಿನ ಬಳಿ ತಮ್ಮದೇ ಹೋಟೆಲು ತೆರೆದರು.

ಈ ಕಥೆಯಲ್ಲಿ ನನಗೆ ಇಷ್ಟವಾಗುವುದು ಇಸವಿಗಳಲ್ಲ, ಜಾಗ. ಥಿಯೇಟರಿನ ಬಾಗಿಲು. ದಾವಣಗೆರೆ ಕಂಪನಿ ನಾಟಕಗಳ ಊರು, ಚಿಂದೋಡಿ ಲೀಲಾ ಅವರ ಊರು. ರಾತ್ರಿಯೆಲ್ಲ ನಾಟಕ ನೋಡಿ ಹೊರಬಂದವರಿಗೆ ಹೊಟ್ಟೆಗೆ ಏನಾದರೂ ಬೇಕು, ಬೇಗ ಬೇಕು, ಬಿಸಿಯಾಗಿರಬೇಕು, ಜೇಬಿಗೆ ಭಾರವಾಗಬಾರದು. ಜೊತೆಗೆ ಹತ್ತಿ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಪಾಳಿ ಬದಲಾದಾಗಲೆಲ್ಲ ಹಸಿದವರ ದಂಡು. ‘ಫಾಸ್ಟ್ ಫುಡ್’ ಎಂಬ ಮಾತು ಇಲ್ಲಿಗೆ ಬರುವ ಎಷ್ಟೋ ಮೊದಲೇ ಆ ಕಸುಬು ಇಲ್ಲಿ ಕುದುರಿತ್ತು.

ನಾಟಕ ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತವು. ಗಿರಣಿಗಳು ಮುಚ್ಚಿದವು. ದೋಸೆ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಹೊಸ ಹಸಿವೊಂದು ಊರಿಗೆ ಬಂದಿತ್ತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾಯಿತು. ಎಂಜಿನಿಯರಿಂಗ್ ಕಾಲೇಜು ಅದಕ್ಕೂ ಮುಂಚಿನಿಂದಲೇ ಇತ್ತು. ರಾಜ್ಯದ ಮೂಲೆಮೂಲೆಯಿಂದ, ಉತ್ತರದ ರಾಜ್ಯಗಳಿಂದ ಹುಡುಗರು ಬಂದು ಹಾಸ್ಟೆಲ್ ಸೇರಿದರು. ಹಾಸ್ಟೆಲಿನ ಊಟ ಬೇಜಾರಾದಾಗ ಹೋಗುವುದೆಲ್ಲಿಗೆ? ಓದು ಮುಗಿಸಿ ಊರೂರಿಗೆ ಹೊರಟಾಗ ಅವರು ಡಿಗ್ರಿಯ ಜೊತೆ ನಾಲಗೆಯಲ್ಲಿ ಒಂದು ಹಂಬಲವನ್ನೂ ಕಟ್ಟಿಕೊಂಡು ಹೋದರು. ಬೆಂಗಳೂರಿನಲ್ಲಿ ಈ ಬೋರ್ಡುಗಳು ಹುಲುಸಾಗಿ ಬೆಳೆದದ್ದರ ಹಿಂದೆ ಅವರ ಪಾಲು ದೊಡ್ಡದು ಎಂಬುದು ನನ್ನ ಅಂದಾಜು.

ಅದೇ 1965

ಡಾಕ್ಟರಾಗಬೇಕೆಂದಿದ್ದ ಇನ್ನೊಬ್ಬ ಹುಡುಗನ ಕಥೆಯೂ ಅದೇ ವರ್ಷದ್ದು. ಅಮೆರಿಕದ ಕನೆಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್. ಹದಿನೇಳರ ಫ್ರೆಡ್ ಡಿಲುಕಾನಿಗೆ ಮೆಡಿಕಲ್ ಓದುವ ಆಸೆ, ಕೈಯಲ್ಲಿ ಕಾಸಿಲ್ಲ. ಮನೆಯ ಸ್ನೇಹಿತ, ಅಣು ಭೌತವಿಜ್ಞಾನಿ ಪೀಟರ್ ಬಕ್ ಬಳಿ ಸಲಹೆ ಕೇಳಿದ. ಸ್ಯಾಂಡ್‌ವಿಚ್ ಅಂಗಡಿ ಇಡು ಎಂದ ಬಕ್, 1,000 ಡಾಲರ್ ಕೊಟ್ಟು ಪಾಲುದಾರನೂ ಆದ. ಆಗಸ್ಟ್ 28ರಂದು ಬಾಗಿಲು ತೆರೆಯಿತು. ಜಲಾಂತರ್ಗಾಮಿಯ ಹಾಗೆ ಉದ್ದನೆಯ ಬ್ರೆಡ್ಡು, ಅದರೊಳಗೆ ಮಾಂಸ, ತರಕಾರಿ. ‘ಸಬ್‌ಮರೀನ್’ ಅನ್ನುವುದರ ಮೊಟಕೇ ‘ಸಬ್’.

ಹತ್ತು ವರ್ಷದಲ್ಲಿ 32 ಅಂಗಡಿ ಮಾಡುವುದು ಇಬ್ಬರ ಗುರಿ. 1974ಕ್ಕೆ ಆಗಿದ್ದು ಅದರ ಅರ್ಧ, 16. ಇನ್ನು ತಮ್ಮ ಕೈಲಾಗದು ಎಂದು ಹೆಸರನ್ನು ಬೇರೆಯವರಿಗೆ ಕೊಡತೊಡಗಿದರು. ಅಂಗಡಿ ನಿಮ್ಮದು, ಬಾಡಿಗೆ ನಿಮ್ಮದು, ನಷ್ಟವಾದರೆ ಅದೂ ನಿಮ್ಮದೇ. ಹೆಸರು, ಬ್ರೆಡ್ಡಿನ ಅಳತೆ, ಕೊಡುವ ಕ್ರಮ ನಮ್ಮದು. ಮಾರಾಟದಲ್ಲಿ ನೂರಕ್ಕೆ 8 ನಮಗೆ, ಜಾಹೀರಾತಿಗೆ ಮತ್ತೆ 4.5. ಈ ಲೆಕ್ಕದ ಮೇಲೆ ಸಬ್‌ವೇ ಅಂಗಡಿಗಳ ಸಂಖ್ಯೆಯಲ್ಲಿ ಮೆಕ್‌ಡೊನಾಲ್ಡ್ಸ್ ಅನ್ನೂ ಹಿಂದೆ ಹಾಕಿತು. ಡಿಲುಕಾ ಕೋಟ್ಯಧಿಪತಿಯಾದ, ಡಾಕ್ಟರಾಗಲೇ ಇಲ್ಲ.

ಭಾರತಕ್ಕೆ, ದೆಹಲಿಗೆ, ಸಬ್‌ವೇ ಬಂದದ್ದು 2001ರಲ್ಲಿ. ಇಲ್ಲಿ ಅದು ಬೇಗ ಕಲಿತ ಪಾಠ ಆಲೂಗಡ್ಡೆ. ‘ಆಲೂ ಪ್ಯಾಟಿ’ ಅದರ ಭಾರತೀಯ ಮೆನುವಿನ ಖಾಯಂ ಸದಸ್ಯ. ಅತ್ತ ಬ್ರೆಡ್ಡಿನೊಳಗೆ, ಇತ್ತ ದೋಸೆಯ ಪಕ್ಕ: ಆಲೂಗಡ್ಡೆಗೆ ಎಲ್ಲಿಯೂ ಉದ್ಯೋಗ ತಪ್ಪಿಲ್ಲ.

> ಬೋರ್ಡಿನ ಹಿಂದಿನವರು
> ಸಬ್‌ವೇಯ ಮೊದಲ ಬೋರ್ಡಿನಲ್ಲಿ ಹೆಸರು ‘ಪೀಟ್ಸ್ ಸೂಪರ್ ಸಬ್‌ಮರೀನ್ಸ್’. ಪೀಟ್ ಎಂದರೆ ದುಡ್ಡು ಕೊಟ್ಟ ಪೀಟರ್ ಬಕ್. ಅಮೆರಿಕ, ಕೆನಡಾಗಳಾಚೆಗಿನ ಮೊದಲ ಅಂಗಡಿ 1984ರಲ್ಲಿ, ಬಹ್ರೇನಿನಲ್ಲಿ. ಡಿಲುಕಾ 2015ರಲ್ಲಿ, ಬಕ್ 2021ರಲ್ಲಿ ತೀರಿಕೊಂಡರು. ಎರಡು ಮನೆತನಗಳ ಕೈಯಲ್ಲೇ ಇದ್ದ ಕಂಪನಿಯನ್ನು ರೋರ್ಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಕೊಳ್ಳುವ ಒಪ್ಪಂದವಾದದ್ದು 2023ರಲ್ಲಿ. ಕೈ ಬದಲಾದದ್ದು 2024ರಲ್ಲಿ.

ನಮ್ಮ ಮೂರು ಚೈನು

ಕನ್ನಡನಾಡಿನಲ್ಲಿ ಹೀಗೆ ಹೆಸರು ಮಾರುವ ಕಂಪನಿಗಳು ಹುಟ್ಟುವ ಮುಂಚೆ ಹೆಸರು ಹಂಚುವ ಇನ್ನೊಂದು ದಾರಿ ಇತ್ತು. ಉಡುಪಿ ಹೋಟೆಲು. ಅಯ್ಯಂಗಾರ್ ಬೇಕರಿ. ದಾವಣಗೆರೆ ಬೆಣ್ಣೆ ದೋಸೆ. ಮೂರಕ್ಕೂ ಮಾಲೀಕನಿಲ್ಲ, ಕರಾರುಪತ್ರವಿಲ್ಲ, ಕಪ್ಪವಿಲ್ಲ. ಇರುವುದು ಒಂದು ಊರಿನ ಅಥವಾ ಜನದ ಹೆಸರು, ಆ ಹೆಸರು ಕೇಳಿದರೆ ಬಾಯಿಗೆ ಬರುವ ರುಚಿ.

ಸ್ಯಾಂಡ್‌ವಿಚ್ಚಿಗೆ ನಮ್ಮಲ್ಲಿ ಹತ್ತಿರದ ನಂಟು ಅಯ್ಯಂಗಾರ್ ಬೇಕರಿಯದು. ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರೆಂಬುದು ಆ ವಂಶದ ಮೊದಲ ಅಧ್ಯಾಯ. ಇಂಗ್ಲಿಷರ ಬ್ರೆಡ್ಡನ್ನು ಮೊಟ್ಟೆ ಮುಟ್ಟದ ಕೈಗಳು ಕಲಿತವು. ಆ ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟು, ಹಸಿಮೆಣಸಿನಕಾಯಿಯ ಮಸಾಲೆ ಹರಡಿ ಹಂಚಿನ ಮೇಲೆ ಕಾಯಿಸಿದ ‘ಟೋಸ್ಟ್’ ನಮ್ಮ ತಾಲ್ಲೂಕು ಕೇಂದ್ರಗಳ ಬಸ್‌ಸ್ಟ್ಯಾಂಡಿನ ಸ್ಯಾಂಡ್‌ವಿಚ್ಚು. ನಾನು ಚನ್ನಗಿರಿಯಲ್ಲಿ ಓದುವಾಗ ಕಾಲೇಜಿನ ಪಾಠಕ್ಕಿಂತ ಅದರ ಖಾರ ಹೆಚ್ಚು ನೆನಪು.

ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರ್. ಪ್ರಭಾಕರ್ ಅವರು ‘ದರ್ಶಿನಿ’ ಶುರು ಮಾಡಿದರು: ಟೋಕನ್ ತೆಗೆದುಕೊ, ತಟ್ಟೆ ಹಿಡಿ, ನಿಂತೇ ತಿನ್ನು. ವಿದೇಶಿ ಫಾಸ್ಟ್ ಫುಡ್ಡಿನ ಯಂತ್ರಕ್ಕೆ ಇಡ್ಲಿ-ವಡೆ ತುಂಬಿದ ಹಾಗೆ. ಆ ಹೆಸರೂ ಅವರ ಕೈಯಲ್ಲಿ ಉಳಿಯಲಿಲ್ಲ, ಊರೆಲ್ಲ ದರ್ಶಿನಿ ಆಯಿತು. ಒಳ್ಳೇ ಬೋರ್ಡು ಕಂಡರೆ ನಾವು ಬರೆಸಿಕೊಂಡುಬಿಡುತ್ತೇವೆ. ಇದನ್ನು ಕಳ್ಳತನ ಅನ್ನುವುದೋ ಗೌರವ ಅನ್ನುವುದೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ದೋಸೆ ಹೋಟೆಲುಗಳದು ಇದಕ್ಕೂ ಸಲೀಸು. ಇಡೀ ಚೈನನ್ನು ಹಿಡಿದಿಟ್ಟಿರುವುದು ದೋಸೆ ಹಾಕುವ ಕೈಗಳು. ಬೆಂಗಳೂರಿನಲ್ಲಿ ಇಂಥ ಬೋರ್ಡು ಕಂಡಲ್ಲೆಲ್ಲ ಹಂಚಿನ ಮುಂದೆ ನಿಂತವನ ಊರು ಕೇಳುವ ಚಟ ನನಗುಂಟು. ಜಗಳೂರು, ಹೊನ್ನಾಳಿ, ಹರಪನಹಳ್ಳಿ ಎಂದು ಎಷ್ಟೋ ಸಲ ಉತ್ತರ ಬಂದಿದೆ. ನ್ಯಾಮತಿಯ ಹುಡುಗನೊಬ್ಬ “ನೀವು ಯಾವ ಕಡೆ?” ಅಂತ ತಿರುಗಿ ಕೇಳಿ, ಕತ್ತಲಗೆರೆ ಎಂದದ್ದಕ್ಕೆ ಇನ್ನೊಂದು ಉಂಡೆ ಬೆಣ್ಣೆ ಹಾಕಿದ್ದ. ಈಚೆಗೆ ಬಿಹಾರ, ಅಸ್ಸಾಂ ಎಂಬ ಉತ್ತರಗಳೂ ಬರುತ್ತಿವೆ. ಅವರ ದೋಸೆ ಕೆಟ್ಟದ್ದೇನಲ್ಲ. ಬೆಣ್ಣೆ ಮಾತ್ರ ಹೆಚ್ಚುವರಿ ಸಿಗುವುದಿಲ್ಲ.

ಬ್ರೆಡ್ಡಲ್ಲದ ಬ್ರೆಡ್ಡು

ಹೆಸರಿಗೆ ಮಾಲೀಕನಿದ್ದರೆ ಒಂದು ಅನುಕೂಲ: ತಪ್ಪಾದರೆ ಹಿಡಿದು ಕೇಳಲು ಕೊರಳಪಟ್ಟಿ ಸಿಗುತ್ತದೆ. ಸಬ್‌ವೇಯ ಕೊರಳಪಟ್ಟಿ ಹಿಡಿದವರು ಒಬ್ಬಿಬ್ಬರಲ್ಲ.

2013ರಲ್ಲಿ ಆಸ್ಟ್ರೇಲಿಯಾದ ಹುಡುಗನೊಬ್ಬ ‘ಒಂದಡಿ’ ಸ್ಯಾಂಡ್‌ವಿಚ್ಚಿನ ಪಕ್ಕ ಟೇಪು ಇಟ್ಟು ಫೋಟೊ ಹಾಕಿದ. ಅಳತೆ ಹನ್ನೊಂದೇ ಇಂಚು! ಅಮೆರಿಕದಲ್ಲಿ ಮೊಕದ್ದಮೆ ನಡೆದು ರಾಜಿಯೂ ಆಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ರಾಜಿಯಿಂದ ಗಿರಾಕಿಗಳಿಗೆ ಏನೂ ಪ್ರಯೋಜನವಿಲ್ಲ, ದುಡ್ಡೆಲ್ಲ ವಕೀಲರಿಗೇ ಹೋಗುತ್ತದೆ ಎಂದು ಅದನ್ನು ಬಿಸಾಕಿತು. 2014ರಲ್ಲಿ ಬ್ರೆಡ್ಡಿನ ಹಿಟ್ಟಿಗೆ ಬೆರೆಸುತ್ತಿದ್ದ ಅಜೋಡೈಕಾರ್ಬನಮೈಡ್ ಎಂಬ ರಾಸಾಯನಿಕದ ಸುದ್ದಿ. ಯೋಗದ ಚಾಪೆ ತಯಾರಿಕೆಯಲ್ಲೂ ಬಳಸುವ ವಸ್ತು ಅದು. ಭಾರತೀಯ ಮೂಲದ ವಾಣಿ ಹರಿ ಸಹಿ ಸಂಗ್ರಹಕ್ಕಿಳಿದರು, ಕಂಪನಿ ಅದನ್ನು ಕೈಬಿಟ್ಟಿತು. ಅದಕ್ಕೂ ದೊಡ್ಡ ಪೆಟ್ಟು ಮರುವರ್ಷ. ಸಬ್‌ವೇ ತಿಂದು ತೂಕ ಇಳಿಸಿದೆ ಎಂದು ವರ್ಷಗಟ್ಟಲೆ ಜಾಹೀರಾತಿನಲ್ಲಿ ನಿಂತಿದ್ದ ಜ್ಯಾರೆಡ್ ಫೋಗಲ್ ಮಕ್ಕಳಿಗೆ ಸಂಬಂಧಿಸಿದ ಲೈಂಗಿಕ ಅಪರಾಧಗಳನ್ನು ಒಪ್ಪಿಕೊಂಡು ಜೈಲು ಸೇರಿದ. ಒಬ್ಬನ ಮುಖವನ್ನೇ ಬೋರ್ಡು ಮಾಡಿಕೊಂಡರೆ ಆ ಮುಖ ಬಿದ್ದ ದಿನ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನನಗೆ ಎಲ್ಲಕ್ಕಿಂತ ರುಚಿಸಿದ್ದು ಐರ್ಲೆಂಡಿನ ತೀರ್ಪು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಬ್‌ವೇಯ ಬ್ರೆಡ್ಡು ಬ್ರೆಡ್ಡೇ ಅಲ್ಲ ಎಂದಿತು. ದಿನನಿತ್ಯದ ಬ್ರೆಡ್ಡಿಗೆ ಅಲ್ಲಿ ತೆರಿಗೆಯಿಲ್ಲ. ಆದರೆ ಹಿಟ್ಟಿನ ತೂಕದಲ್ಲಿ ಸಕ್ಕರೆ ನೂರಕ್ಕೆ 2 ದಾಟಬಾರದು. ಇದರಲ್ಲಿದ್ದದ್ದು 10.

ನಗುವ ಮೊದಲು ನಮ್ಮ ಮನೆಯ ಕಡೆ ನೋಡಿಕೊಳ್ಳಬೇಕು. ಅದೇ 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಬೆಂಗಳೂರಿನ ಐಡಿ ಫ್ರೆಶ್ ಕಂಪನಿ ನಿಂತಿತ್ತು. ಪರೋಟಾ ರೊಟ್ಟಿಯ ಜಾತಿಗೆ ಸೇರಿದ್ದೋ ಅಲ್ಲವೋ? ಅಲ್ಲ, ಆದ್ದರಿಂದ ನೂರಕ್ಕೆ 18 ಕಟ್ಟಿ ಎಂಬ ತೀರ್ಪು ಬಂತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಪರೋಟಾವನ್ನೂ ತೆರಿಗೆಯಿಂದ ಬಿಡಿಸಿ ರೊಟ್ಟಿಯ ಪಂಕ್ತಿಗೆ ಕೂರಿಸಿತು. ಐದು ವರ್ಷ ಅದು ಜಾತಿಭ್ರಷ್ಟವಾಗಿತ್ತು.

ಆದರೆ ಬೆಣ್ಣೆ ದೋಸೆ ಬೆಣ್ಣೆ ದೋಸೆಯೇ ಹೌದೇ ಎಂದು ಯಾವ ಕೋರ್ಟಿಗೆ ಹೋಗೋಣ? ಡಾಲ್ಡಾ ಸವರಿ ‘ದಾವಣಗೆರೆ’ ಎಂದು ಬರೆಸಿದವನ ಮೇಲೆ ದೂರು ಕೊಡುವವರು ಯಾರು? ಊರಿನ ಹೆಸರನ್ನು ಒಬ್ಬರೇ ತಮ್ಮ ಗುರುತಾಗಿ ನೋಂದಾಯಿಸಿಕೊಳ್ಳಲು ಟ್ರೇಡ್‌ಮಾರ್ಕ್ ಕಾಯ್ದೆ ಸಾಮಾನ್ಯವಾಗಿ ಬಿಡುವುದಿಲ್ಲ. ಧಾರವಾಡ ಪೇಡೆಗೆ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ ಎನ್ನಬಹುದು. ಪೇಡೆ ಡಬ್ಬಿಯೊಳಗೆ ಕೂತು ಧಾರವಾಡದಿಂದ ದೆಹಲಿಗೆ ಹೋಗುತ್ತದೆ. ದೋಸೆ ಹಂಚಿನಿಂದ ಮೇಜಿಗೆ ಹೋಗುವಷ್ಟರಲ್ಲೇ ಅರ್ಧ ಆಯುಷ್ಯ ಕಳೆದುಕೊಂಡಿರುತ್ತದೆ. ಪಯಣಿಸುವುದು ಹೆಸರು ಮಾತ್ರ.

ಹಸಿರು ಶಾಲಿನ ದಿನ

ವಿದೇಶಿ ಚೈನಿನ ಬೋರ್ಡು ಕಂಡು ಕನ್ನಡನಾಡು ಕೆರಳಿದ್ದೂ ಉಂಟು, ಆ ಕೋಪದಲ್ಲಿ ನಮ್ಮ ಸೀಮೆಗೂ ಪಾಲಿತ್ತು. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ವಿರೋಧಕ್ಕೆ ಇಳಿಯಿತು. ಕೋಳಿಗೆ ಬೆರೆಸಿದ ಅಜಿನೊಮೊಟೊ ಮಿತಿ ಮೀರಿದೆ ಎಂದು ನಗರ ಪಾಲಿಕೆ ಪರವಾನಗಿಗೆ ಕೈ ಹಾಕಿತು, ಹೈಕೋರ್ಟು ತಡೆಯಿತು. 1996ರ ಜನವರಿ 30, ಗಾಂಧಿ ಹುತಾತ್ಮರಾದ ದಿನ, ಹಸಿರು ಶಾಲಿನ ರೈತ ಸಂಘದವರು ಒಳನುಗ್ಗಿ ಮೇಜು ಕುರ್ಚಿ ಒಡೆದರು. ಆ ದಿನವನ್ನೇ ಆರಿಸಿಕೊಂಡದ್ದರ ವಿಪರ್ಯಾಸದ ಬಗ್ಗೆ ಆಗಲೂ ಚರ್ಚೆಯಾಗಿತ್ತು.

1980ರಲ್ಲಿ ಹುಟ್ಟಿದ ಆ ಸಂಘಕ್ಕೆ ಮೊದಲ ಬೇರು ಬಿಟ್ಟದ್ದು ಶಿವಮೊಗ್ಗ ಸೀಮೆ, ಅಂದರೆ ಆಗಿನ ನಮ್ಮ ಜಿಲ್ಲೆ. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂಬ ಬೋರ್ಡುಗಳನ್ನು ಹಳ್ಳಿಗಳ ಬಾಗಿಲಲ್ಲಿ ನೆಟ್ಟ ಕಾಲ ಅದು. ನಾವು ಕಂಡ ಬೋರ್ಡುಗಳಲ್ಲಿ ಅಷ್ಟು ಸೊಕ್ಕಿನ, ಅಷ್ಟು ಚೆಂದದ ಬೋರ್ಡು ಇನ್ನೊಂದಿಲ್ಲ.

ಕೆಎಫ್‌ಸಿ ಹೋಗಲಿಲ್ಲ. ಇಂದು ಅದರ ಮುಂದೆ ಹಸಿರು ಶಾಲು ಕಾಣುವುದಿಲ್ಲ, ಸ್ವಿಗ್ಗಿ ಹುಡುಗರ ಕಿತ್ತಳೆ ಅಂಗಿ ಕಾಣುತ್ತದೆ. ಆ ಅಂಗಿಯೊಳಗಿನ ಹುಡುಗನ ಅಪ್ಪ ಶಾಲು ಹೊದ್ದು ಬೆಂಗಳೂರಿನ ರೈಲು ಹತ್ತಿದವನೇ ಇದ್ದಾನು.

ಭಟ್ಟಿಯ ಹೊಗೆ

ದೋಸೆಯ ಹಿಂದೆಯೂ ಯಾರೂ ಟೇಪು ಹಿಡಿಯದ ಒಂದು ಓಣಿಯಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು. ಸಂಜೆಯ ಮಿರ್ಚಿ-ಮಂಡಕ್ಕಿಗೂ, ನರ್ಗಿಸ್ ಮಂಡಕ್ಕಿಗೂ, ದೋಸೆಯ ಹಿಟ್ಟಿಗೂ ಮೂಲ ಅಲ್ಲೇ. ಸುಡುವ ಒಲೆಯ ಮುಂದೆ ಹಗಲು ರಾತ್ರಿ ನಿಂತು ಮರಳಿನಲ್ಲಿ ಅಕ್ಕಿ ಅರಳಿಸುವವರ ಬದುಕು, ಒಲೆಗೆ ಹಳೇ ಟೈರು ಹಾಕುತ್ತಾರೆಂಬ ದೂರು, ಆ ಕಪ್ಪು ಹೊಗೆಯಲ್ಲಿ ಬೆಳೆಯುವ ಮಕ್ಕಳು: ಇದೆಲ್ಲ ಆಗೀಗ ಸುದ್ದಿಯಾಗಿ ಮತ್ತೆ ತಣ್ಣಗಾಗುತ್ತದೆ. ಅಮೆರಿಕದಲ್ಲಿ ಬ್ರೆಡ್ಡಿನ ರಾಸಾಯನಿಕಕ್ಕೆ ಸಹಿ ಸಂಗ್ರಹವಾದಂತೆ ಇಲ್ಲಿ ಯಾರ ವಿರುದ್ಧ ಸಹಿ ಹಾಕುವುದು? ಮಾಲೀಕನಿಲ್ಲದ ಹೆಸರಿನ ತೊಡಕು ಇದೇ. ಹೊಗಳಿಕೆ ಇಡೀ ಊರಿಗೆ ಬರುತ್ತದೆ, ಹೊಗೆ ಒಂದು ಓಣಿಯ ಪಾಲು.

> ಮಂಡಕ್ಕಿ ಯಾಕೆ?
> ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಅಂದರೆ ಒಮ್ಮೆ ಬೆಂದು ಇನ್ನೊಮ್ಮೆ ಹುರಿದ ಅಕ್ಕಿ. ಇದನ್ನು ನೆನೆಸಿ ದೋಸೆ ಹಿಟ್ಟಿಗೆ ರುಬ್ಬಿದರೆ ಆಗಲೇ ಬೆಂದ ಪಿಷ್ಟ ನೀರು ಹಿಡಿದಿಟ್ಟುಕೊಂಡು ದೋಸೆಯ ಒಡಲನ್ನು ಮೆತ್ತಗೆ ಇಡುತ್ತದೆ. ಹೊರಗಿನ ಗರಿ ಬೆಣ್ಣೆಯದು, ಹಂಚಿನದು, ಕಟ್ಟಿಗೆಯ ಕೆಂಡದ್ದು.

ಇನ್ನೊಂದು ಮಾತು ಗದ್ದೆಯ ಬಗ್ಗೆ. ಕತ್ತಲಗೆರೆಯಲ್ಲಿ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರವಿದೆ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಅಲ್ಲಿ ವಿಜ್ಞಾನಿಗಳಿದ್ದಾರೆ. ಆದರೆ ಅದರ ಸುತ್ತಲಿನ ಗದ್ದೆಗಳಲ್ಲಿ ವರ್ಷ ವರ್ಷ ಅಡಿಕೆ ಸಸಿ ಏಳುತ್ತಿದೆ. ಚನ್ನಗಿರಿ ಅಡಿಕೆಯ ನಾಡು, ದರ ಅಡಿಕೆಗೆ. ಭತ್ತ ಬೆಳೆದವನು ಭಾನುವಾರದ ದೋಸೆಗೆ ದುಡ್ಡು ಎಣಿಸುತ್ತಾನೆ, ಅಡಿಕೆ ಬೆಳೆದವನು ಕಾರಿನಲ್ಲಿ ಬರುತ್ತಾನೆ. ನನ್ನ ಗದ್ದೆಯ ಮೂರು ಬದಿಗೂ ಈಗ ತೋಟ. ನಾಲ್ಕನೆಯದು ನಾಲೆ, ಅಲ್ಲಿ ಸಸಿ ನೆಡಲು ಬರುವುದಿಲ್ಲ.

ಬಾಂದ್ರಾದಲ್ಲಿ ಇಳಿದುಹೋದ ದಾವಣಗೆರೆ

2024ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಬೆಂಗಳೂರು ಮೂಲದ ದಂಪತಿ ‘ಬೆಣ್ಣೆ’ ಎಂಬ ಪುಟ್ಟ ದೋಸೆಯಂಗಡಿ ತೆರೆದರು. ಸಿನಿಮಾದವರು, ಕ್ರಿಕೆಟಿನವರು ಹೋಗಿ ಫೋಟೊ ತೆಗೆಸಿಕೊಂಡರು, ಬೀದಿಯಲ್ಲಿ ಸಾಲು ನಿಂತಿತು. ‘ಬೆಣ್ಣೆ’ ಎಂಬ ಕನ್ನಡ ಪದ ಮರಾಠಿ, ಹಿಂದಿ ಬಾಯಿಗಳಲ್ಲಿ ಆಡುತ್ತಿರುವುದು ಕೇಳಲು ಸೊಗಸು. ಆದರೆ ಅವರು ಹೇಳಿಕೊಳ್ಳುವುದು ಬೆಂಗಳೂರಿನ ದೋಸೆಯೆಂದು. ಅದು ತಪ್ಪೇನಲ್ಲ, ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ತಿಂದವರು ಆ ಮನೆತನ ಬೇರೆಯೆಂದು ಒಪ್ಪುತ್ತಾರೆ. ಆದರೂ ನಮ್ಮ ಕಡೆಯವರಿಗೆ ಅನ್ನಿಸುವುದೇನೆಂದರೆ, ರೈಲಿನಲ್ಲಿ ಬೆಣ್ಣೆ ಮುಂಬೈ ಮುಟ್ಟಿತು, ದಾವಣಗೆರೆ ದಾರಿಯಲ್ಲೆಲ್ಲೋ ನೀರು ಕುಡಿಯಲು ಇಳಿದು ಹಿಂದೆ ಉಳಿಯಿತು.

ಹೀಗೆಲ್ಲ ನಾನು ಹೇಳುತ್ತ ಹೋದಂತೆ ಹುಡುಗಿ ಮೂರನೇ ತಟ್ಟೆಗೆ ಕೈ ಹಾಕಿದ್ದಳು. ಬೆಂಗಳೂರಿನದಕ್ಕೂ ಇದಕ್ಕೂ ವ್ಯತ್ಯಾಸ ಏನು ಎಂದು ಕೇಳಿದೆ. ಯೋಚಿಸಿದಳು. “ಅಲ್ಲಿ ಬೆಣ್ಣೆ ಕಾಣಿಸ್ಬೇಕು ಅಂತ ಹಾಕ್ತಾರೆ ಮಾವ, ಫೋಟೊಗೆ. ಇಲ್ಲಿ ಒಳಗೆ ಹೋಗಿರುತ್ತೆ.” ಒಂದು ಗಳಿಗೆ ಬಿಟ್ಟು, “ಆದ್ರೆ ಅಲ್ಲಿ ಟೇಬಲ್ ಒರೆಸಿರ್ತಾರೆ.”

ಹೊರಗೆ ಬಂದು ಅವಳು ಹೋಟೆಲಿನ ಬೋರ್ಡಿನ ಚಿತ್ರ ತೆಗೆಯಲು ಹೋಗಿ ತಡವರಿಸಿದಳು. ಅದರಲ್ಲಿ ಮೇಲೆ ದೇವರ ಹೆಸರು ದೊಡ್ಡದಾಗಿ, ಕೆಳಗೆ ‘ಬೆಣ್ಣೆ ದೋಸೆ’. ‘ದಾವಣಗೆರೆ’ ಬರೀ ವಿಳಾಸದ ಸಾಲಿನಲ್ಲಿ, ಪಿನ್‌ಕೋಡಿನ ಪಕ್ಕ. ಆಮೇಲೆ ನೋಡುತ್ತ ಬಂದರೆ ಈ ಊರಿನ ಹಳೇ ಹೋಟೆಲುಗಳೆಲ್ಲ ಹಾಗೇ: ಕೊಟ್ಟೂರೇಶ್ವರನೋ, ಹಿರಿಯರ ಹೆಸರೋ ಮುಂದೆ.

ಸಂಜೆ ಊರು ಮುಟ್ಟಿದಾಗ ರಸ್ತೆಯ ಭತ್ತವನ್ನು ರಾಶಿ ಮಾಡಿ ತಾಡಪಾಲು ಹೊದಿಸುತ್ತಿದ್ದರು. ಬಸ್‌ಸ್ಟ್ಯಾಂಡಿನ ಪಕ್ಕದ ಚಿಕ್ಕ ಹೋಟೆಲಿನ ಅಮ್ಮ ನಾಳಿನ ಹಿಟ್ಟಿಗೆ ಮಂಡಕ್ಕಿ ನೆನೆಹಾಕುತ್ತಿದ್ದರು. ಗೋಡೆಯ ಮೇಲೆ ತಂಪುಪಾನೀಯದ ಕಂಪನಿ ಪುಕ್ಕಟೆ ಕೊಟ್ಟ ಹಳೇ ತಗಡು, ಬೇರೇನೂ ಬರೆದಿಲ್ಲ.

“ನೀವೂ ದಾವಣಗೆರೆ ಬೆಣ್ಣೆ ದೋಸೆ ಅಂತ ಬೋರ್ಡ್ ಹಾಕಿ ಅಮ್ಮ, ಜನ ಬರ್ತಾರೆ,” ಎಂದಳು ನಮ್ಮ ಹುಡುಗಿ.

ಆಕೆ ಮಂಡಕ್ಕಿಯ ಮೇಲೆ ನೀರು ಸುರಿಯುತ್ತಲೇ ಹೇಳಿದರು: “ಇಲ್ಯಾಕವ್ವ? ಬಸ್ಸು ಹತ್ತಿದ್ರೆ ದಾವಣಗೆರೆ ಅಲ್ಲೇ ಐತಲ್ಲ. ಹೋಗಿ ತಿಂದು ಬಂದೋರೇ ನನ್ ಗಿರಾಕಿ. ಸುಳ್ಳು ಬರೆದ್ರೆ ಸಂಜೀಗೆ ಸಿಕ್ಕಿಬೀಳ್ತೀನಿ.”